ಹುಲಿ ಎಲ್ಲಿ ಹೋಯ್ತು?

ನಿಮ್ಮ ಕಾಗದಗಳಲ್ಲಿ ಮತ್ತೆ ಮತ್ತೆ ಅದೇ ಆತಂಕ. ಕಥೆಯಲ್ಲಿ ಹುಲಿ, ಸಾವು ಬಂದರೆ ಕೂಸು ಹೆದರಿಕೊಳ್ಳುತ್ತೆ, ಅದನ್ನೆಲ್ಲ ಬಿಟ್ಟು ಹೇಳಬಹುದೇ ಅಂತ.

ನಾನೂ ಬಿಟ್ಟು ಹೇಳಿ ನೋಡಿದವನೇ. ಪುಣ್ಯಕೋಟಿ ಹಸುವಿನ ಕಥೆಯಲ್ಲಿ ಹುಲಿ ಸಾಯುವುದನ್ನು ನುಂಗಿಕೊಂಡೆ. ದೀಪ ಆರಿಸಿದ ಮೇಲೆ ಮಗಳು, "ಅಪ್ಪ, ಹುಲಿ ಎಲ್ಲಿ ಹೋಯ್ತು?" ಅಂದಳು. ಕೊನೆ ಕತ್ತರಿಸಿದ್ದರಿಂದ ಹುಲಿ ನಮ್ಮ ಮನೆಯಲ್ಲೇ ಉಳಿದುಬಿಟ್ಟಿತ್ತು!

ಸಕಲೇಶಪುರದಿಂದ ಹಗಲು ರೈಲಿನಲ್ಲಿ ಮಕ್ಕಳ ಜೊತೆ ಘಾಟಿ ಇಳಿದಿದ್ದೀರಲ್ಲ? ದೋಣಿಗಲ್, ಕಡಗರವಳ್ಳಿ, ಎಡಕುಮೇರಿ. ಸುಬ್ರಹ್ಮಣ್ಯ ರೋಡ್ ತಲುಪುವಷ್ಟರಲ್ಲಿ 57 ಸುರಂಗ. ಮೊದಲನೆಯದಕ್ಕೆ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತವೆ. ಎಡಕುಮೇರಿ ದಾಟುವ ಹೊತ್ತಿಗೆ ಕತ್ತಲಾದ ಕೂಡಲೇ ತಾವೇ ಕೇಕೆ ಹಾಕುತ್ತವೆ. ಕತ್ತಲೇನು ಕಮ್ಮಿಯಾಯ್ತೇ? ಆಚೆ ಬೆಳಕಿದೆ ಅನ್ನುವುದು ಮೈಗೆ ಗೊತ್ತಾಯ್ತು, ಅಷ್ಟೇ. ಕಥೆಯಲ್ಲೂ ಹಾಗೆಯೇ: ಹೆದರಿಕೆ ಏರಬೇಕು, ಇಳಿಯಬೇಕು, ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಬೇಕು. "ಇನ್ನೊಂದ್ಸಲ ಹೇಳು" ಅಂತ ಮಗು ಪೀಡಿಸುವುದು ಇನ್ನೊಂದು ಸುರಂಗ ದಾಟಲಿಕ್ಕೆ. ನಾನೂ ಇನ್ನೊಂದ್ಸಲ ಹೇಳುತ್ತೇನೆ: ಏರಬೇಕು, ಇಳಿಯಬೇಕು.

ಕುವೆಂಪು ಅವರ ಪದ್ಯದಲ್ಲಿ ಕಿಂದರಿಜೋಗಿಯ ಹಿಂದೆ ಹೋದ ಮಕ್ಕಳು ಬೆಟ್ಟದೊಳಗೆ ಮರೆಯಾಗುತ್ತಾರೆ. ಅಂಥ ಕಡೆ ಹೆದರಿಕೆ ಇಳಿಸುವ ಕೆಲಸ ನಮ್ಮದು. ಪುಸ್ತಕ ಮುಚ್ಚಿ, ಮಾತಾಡಿ.

ತಮಾಷೆ ನೋಡಿ, ಕಥೆಯ ಹುಲಿ ಬೇಡ ಅನ್ನುವವರೇ "ಉಣ್ಣದಿದ್ರೆ ಗುಮ್ಮ ಬರ್ತಾನೆ" ಅನ್ನುತ್ತಾರೆ. ಆ ಗುಮ್ಮ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಏರಿದ್ದು ಇಳಿಯುವುದು ಹೇಗೆ?

ಇನ್ನು "ನಾವೆಲ್ಲ ತಾನಾಗೇ ಗಟ್ಟಿಯಾದ್ವಿ" ಅನ್ನುವವರಿಗೆ ಒಂದು ಮಾತು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಎಮ್ಮಿ ವರ್ನರ್ ಎಂಬ ಸಂಶೋಧಕಿ ದಶಕಗಳ ಕಾಲ ಗಮನಿಸಿದರು. ತೀರಾ ಕಷ್ಟದ ಮನೆಗಳಲ್ಲಿ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಪಾಲು ನೆಟ್ಟಗೆ ಬಾಳಿದರು. ಅವರಿಗೆ ನೆಚ್ಚಿಕೊಳ್ಳಲು ಅಜ್ಜಿಯೋ ಮೇಷ್ಟ್ರೋ, ಯಾರಾದರೊಬ್ಬರು ಇದ್ದರು. ಪುಣ್ಯಕೋಟಿಯೂ ಕರುವನ್ನು ಬರಿದೇ ಬಿಟ್ಟು ಹೋಗಲಿಲ್ಲ, ಒಡನಾಡಿ ಹಸುಗಳಿಗೆ ಒಪ್ಪಿಸಿ ಹೋದಳು. ಹುಲಿಯ ಗಡಿಬಿಡಿಯಲ್ಲಿ ನಾವು ಆ ಭಾಗವನ್ನೇ ಹಾರಿಸುತ್ತೇವೆ.

ಸಮಯ ಆಗಿಹೋಯ್ತು, ಸಲಹೆಗಳಿಗೆ ಉಳಿದಿರುವುದು ಅರೆನಿಮಿಷ. ಕಥೆಯಲ್ಲಿ ಧೈರ್ಯ ಬಂತೆಂದು ಯಾರನ್ನೂ ಎಡಕುಮೇರಿಯ ಹಳಿಯ ಮೇಲೆ ನಡೆಯಲು ಬಿಡಬೇಡಿ. ಮಗು ನಡುವೆ "ಸಾಕು" ಅಂದರೆ ನಿಲ್ಲಿಸಿ. ಆದರೆ ದೀಪ ಆರಿಸುವ ಮುಂಚೆ, ಹುಲಿ ಏನಾಯ್ತು ಅಂತ ಒಂದು ಮಾತು ಹೇಳಿಬಿಡಿ.