ಕೊಡಗಿನ ಬಾಣೆ ಮತ್ತು ಬೇಸಿಗೆಯ ಮೇವು



ಕೊಡಗಿನಲ್ಲಿ ಮೇವಿನ ಅಭಾವವಿದೆ ಎಂದರೆ ಬಯಲುಸೀಮೆಯವರು ನಂಬುವುದು ಕಷ್ಟ. ಮಡಿಕೇರಿಯ ಸುತ್ತಮುತ್ತ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಆದರೆ ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಿಗೆ ಸೇರಿದ್ದು. ಆಗ ಬದುವಿನ ಮೇಲೂ ಮೊಣಕಾಲುದ್ದ ಹುಲ್ಲಿರುತ್ತದೆ, ತಿನ್ನುವ ದನ ಸಾಲದು. ಹುತ್ತರಿ ಕಳೆದು, ಗದ್ದೆಯ ಕೊಯ್ಲು ಮುಗಿದು, ಕಾಫಿ ಬಿಡಿಸುವ ಕೆಲಸ ಭರದಿಂದ ಸಾಗುವ ಹೊತ್ತಿಗೆ ಅದೇ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಜನವರಿ ಮೊದಲ ದಿನದಿಂದ ಮೇ ಕೊನೆಯವರೆಗೆ 151 ದಿನ. ಈ ಅವಧಿಯಲ್ಲಿ ಹೊಟ್ಟೆ ತುಂಬದ ಹಸುವಿನ ಹಾಲು ಇಳಿಯುವುದು ಎಲ್ಲರಿಗೂ ಕಾಣುತ್ತದೆ. ಬೆದೆಗೆ ಬರುವುದು ತಡವಾಗಿ ಮುಂದಿನ ಕರುವೂ ತಿಂಗಳುಗಟ್ಟಲೆ ಹಿಂದೆ ಬೀಳುವುದು ಮಾತ್ರ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಕೊಡಗಿನ ಹಿಂದಿನ ವ್ಯವಸ್ಥೆಯಲ್ಲಿ ದನದ ಮೇವಿಗೆ ಪ್ರತ್ಯೇಕ ಜಾಗವೇ ಇತ್ತು. ಅದೇ ಬಾಣೆ. ಭತ್ತದ ಗದ್ದೆಯ ವರ್ಗಕ್ಕೆ ಸೇರಿಕೊಂಡಂತೆ, ದನ ಮೇಯಿಸಲು, ಗೊಬ್ಬರದ ಸೊಪ್ಪಿಗೆ, ಸೌದೆಗೆ ಮತ್ತು ಮರಮುಟ್ಟಿಗೆಂದು ಕಂದಾಯವಿಲ್ಲದೆ ಕೊಟ್ಟ ಭೂಮಿ ಬಾಣೆ ಎಂದು 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್ ಹೇಳಿತ್ತು. ಗದ್ದೆಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ದನ ಬೇಕು, ದನಕ್ಕೆ ಬಾಣೆ ಬೇಕು ಎಂಬ ಲೆಕ್ಕ ಅದರ ಹಿಂದಿತ್ತು. ಕಾಲಕ್ರಮೇಣ ಬಹಳಷ್ಟು ಬಾಣೆ ಕಾಫಿ ತೋಟವಾಯಿತು. ಕಾಫಿಯ ಆದಾಯದ ಮುಂದೆ ಹುಲ್ಲಿನ ಆದಾಯ ನಿಲ್ಲಲಾರದು. ಇದರಲ್ಲಿ ರೈತರನ್ನು ದೂರಿ ಫಲವಿಲ್ಲ. ಆದರೆ ದನ ಬದಲಾದುದನ್ನೂ ಗಮನಿಸಬೇಕು. ಕರ್ನಾಟಕದ ಮೊದಲ ಡೈರಿ 1955ರಲ್ಲಿ ಆರಂಭವಾದುದು ಇದೇ ಜಿಲ್ಲೆಯ ಕೂಡಿಗೆಯಲ್ಲಿ. ಆಮೇಲೆ ಜರ್ಸಿ ಮಿಶ್ರತಳಿಗಳು ಕೊಟ್ಟಿಗೆಗೆ ಬಂದವು. ಬಾಣೆಯಲ್ಲಿ ಅಲೆದು ಹೊಟ್ಟೆ ಹೊರೆಯುತ್ತಿದ್ದ ಮಲೆನಾಡು ಗಿಡ್ಡದ ಅಭ್ಯಾಸವನ್ನೇ ಮಿಶ್ರತಳಿ ಹಸುವಿಗೂ ಅನ್ವಯಿಸಿದರೆ ಅದು ತಿಂದುದೆಲ್ಲ ನಡೆದಾಟಕ್ಕೇ ಖರ್ಚಾಗುತ್ತದೆ.

ಆದುದರಿಂದ ಮೊದಲು ಮಾಡಬೇಕಾದುದು ಲೆಕ್ಕ. ಸುಮಾರು 400 ಕಿ.ಗ್ರಾಂ ತೂಗುವ, ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 25 ಕಿ.ಗ್ರಾಂ ಹಸಿಮೇವು, 5 ಕಿ.ಗ್ರಾಂ ಒಣಮೇವು ಬೇಕು. ಹಾಲಿಗೆ ತಕ್ಕ ಹಿಂಡಿ ಬೇರೆ. ಎಂದರೆ ಬೇಸಿಗೆಯ 151 ದಿನಕ್ಕೆ ಒಂದು ಹಸುವಿಗೆ ಸುಮಾರು ಮುಕ್ಕಾಲು ಟನ್ ಒಣಹುಲ್ಲು, 3.75 ಟನ್ನಿನಷ್ಟು ಹಸಿಮೇವು. ಒಣಗಿದ ಬಾಣೆ ಇದನ್ನು ಕೊಡಲಾರದು.

ಹಾಗಾದರೆ ಉಳಿದಿರುವ ಬಾಣೆಯನ್ನು ಏನು ಮಾಡಬೇಕು? ಹಾಲು ಕರೆಯುವ ಹಸುಗಳನ್ನು ಅದರಿಂದ ಹೊರಗಿಡಬೇಕು. ಬತ್ತಿಸಿದ ಹಸು ಮತ್ತು ಬೆಳೆಯುವ ಕಡಸುಗಳು ಮಾತ್ರ ಮೇಯಲಿ, ಅದೂ ಬೆಳಿಗ್ಗೆ 6ರಿಂದ 10ರವರೆಗೆ ಮತ್ತು ಸಂಜೆ 4ರ ನಂತರ. ಜಾಗವನ್ನು ನಾಲ್ಕು ತಾಕುಗಳಾಗಿ ವಿಂಗಡಿಸಿ, ಒಂದರಲ್ಲಿ ಮೇಯುವಾಗ ಉಳಿದ ಮೂರಕ್ಕೆ ಬಿಡುವು ಕೊಡಬೇಕು. ಮುಳ್ಳುತಂತಿ ದುಬಾರಿಯಾದರೆ ಗ್ಲಿರಿಸಿಡಿಯಾ ಗೂಟದ ಜೀವಂತ ಬೇಲಿ ಸಾಕು. ಅದರ ಸೊಪ್ಪೂ ಮೇವಾಗುತ್ತದೆ. ಹುಲ್ಲು ನಾಲ್ಕು ಅಂಗುಲಕ್ಕೆ ಇಳಿಯುತ್ತಲೇ ದನವನ್ನು ಮುಂದಿನ ತಾಕಿಗೆ ಹೊಡೆಯಬೇಕು. ಎಲೆ ಇದ್ದರೆ ಮಾತ್ರ ಬೇರಿಗೆ ಆಹಾರ. ನೆಲಮಟ್ಟಕ್ಕೆ ಮೇದ ಒಳ್ಳೆಯ ಹುಲ್ಲಿನ ಬುಡ ಸತ್ತ ಕಡೆ ಲಾಂಟಾನ, ಕಮ್ಯುನಿಸ್ಟ್ ಗಿಡ ಮತ್ತು ಜರಿಗಿಡ ತುಂಬಿಕೊಳ್ಳುತ್ತವೆ. ಲಾಂಟಾನ ತಿಂದ ದನಕ್ಕೆ ಕಾಮಾಲೆಯಾಗಿ, ಬಿಸಿಲು ತಾಗಿದ ಬಿಳಿ ಚರ್ಮ ಸುಲಿಯುತ್ತದೆ. ಹಸಿದ ದನ ಮಾತ್ರ ಅದಕ್ಕೆ ಬಾಯಿ ಹಾಕುವುದೆಂಬುದನ್ನು ನೆನಪಿಡಬೇಕು.

ಒಣಹುಲ್ಲಿಗೆ ಬೆಂಕಿ ಕೊಟ್ಟರೆ ಹೊಸ ಚಿಗುರು ಬರುತ್ತದೆಂಬ ನಂಬಿಕೆ ಇನ್ನೂ ಅಲ್ಲಲ್ಲಿ ಇದೆ. ಚಿಗುರು ಬರುವುದು ನಿಜ. ಅದಕ್ಕಿಂತ ಮೊದಲು ಬರುವ ಹೂಮಳೆಗೆ ಬರಿಯಾದ ಇಳಿಜಾರಿನ ಮೇಲ್ಮಣ್ಣು ಕೊಚ್ಚಿ ಹೋಗುತ್ತದೆ, ಬೆಂಕಿ ಪಕ್ಕದ ತೋಟಕ್ಕೆ ನುಗ್ಗಿದರಂತೂ ವರ್ಷಗಳ ಕಾಫಿ ಗಿಡ ಒಂದು ಮಧ್ಯಾಹ್ನದಲ್ಲಿ ಬೂದಿ.

ಹಸಿಮೇವನ್ನು ಬೆಳೆದೇ ತರಬೇಕು. ಇದಕ್ಕೆ ದೊಡ್ಡ ಜಾಗ ಬೇಡ. ಹೈಬ್ರಿಡ್ ನೇಪಿಯರ್ ಹುಲ್ಲಿನ ಎನ್.ಬಿ.-21, ಕೊಯಮತ್ತೂರಿನ ಸಿ.ಓ.-3, ಸಿ.ಓ.-4 ತಳಿಗಳು ರೈತರಿಗೆ ಪರಿಚಿತ. ನೀರು, ಗೊಬ್ಬರ ಚೆನ್ನಾಗಿದ್ದರೆ ಎಕರೆಗೆ ವರ್ಷಕ್ಕೆ 100 ಟನ್ನಿಗೂ ಮಿಕ್ಕು ಇಳುವರಿ ಬರುತ್ತದೆ. ಕೊಡಗಿನ ಇಳಿಜಾರು ಮತ್ತು ಹುಳಿ ಮಣ್ಣನ್ನು ಗಮನಿಸಿ 60 ಟನ್ ಎಂದೇ ಹಿಡಿದರೂ ಒಂದು ಹಸುವಿಗೆ ಆರು ಗುಂಟೆ ಸಾಕು. ಕೆರೆಯ ಕೆಳಗಿನ, ಕೊಟ್ಟಿಗೆಯ ತೊಳೆನೀರು ಹರಿಯುವ ಜಾಗ ಇದಕ್ಕೆ ಯೋಗ್ಯ. ಕಾಫಿಗೆ ಹಾಕುವಂತೆ ಇಲ್ಲಿಯೂ ಮಣ್ಣು ಪರೀಕ್ಷೆಯಂತೆ ಸುಣ್ಣ ಹಾಕಬೇಕು. ಎರಡು ಗೆಣ್ಣಿನ ತುಂಡುಗಳನ್ನು ಮೂರು ಅಡಿ ಸಾಲಿನಲ್ಲಿ ಎರಡು ಅಡಿಗೊಂದರಂತೆ ನೆಟ್ಟರೆ ಮೊದಲ ಕೊಯ್ಲು 70-75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ಜೂನ್ ಮೊದಲ ಮಳೆಗೆ ನೆಟ್ಟದ್ದು ಬರುವ ಜನವರಿಗೆ ಬಲಿತು ನಿಂತಿರುತ್ತದೆ. ಜನವರಿಯಲ್ಲಿ ಎಚ್ಚೆತ್ತು ನೆಟ್ಟದ್ದು ಆ ಬೇಸಿಗೆಗೆ ಒದಗುವುದು ಅಷ್ಟಕ್ಕಷ್ಟೆ. ರೊಬಸ್ಟಾ ತೋಟಕ್ಕೆ ಫೆಬ್ರವರಿ-ಮಾರ್ಚ್‌ನಲ್ಲಿ ಹೂವಿಗಾಗಿ ತುಂತುರು ನೀರು ಕೊಡುವವರು ಅದೇ ಪಂಪಿನಿಂದ ವಾರಕ್ಕೊಮ್ಮೆ ಹುಲ್ಲಿನ ತಾಕಿಗೂ ನೀರು ಹಾಯಿಸಬಹುದು. ನೆರಳು ಬೀಳುವ ಕಡೆ ನೇಪಿಯರ್ ಸೊರಗುತ್ತದೆ. ಅಲ್ಲಿ ಗಿನಿ ಹುಲ್ಲು ಹಾಕಬೇಕು. ಕಾಡಂಚಿನವರು ಹುಲ್ಲಿನ ತಾಕನ್ನು ಮನೆಯ ಪಕ್ಕದಲ್ಲೇ ಇಟ್ಟುಕೊಳ್ಳುವುದು ಮೇಲು. ನೇಪಿಯರ್‌ಗೆ ಆನೆಹುಲ್ಲು ಎಂಬ ಹೆಸರು ಸುಮ್ಮನೆ ಬಂದುದಲ್ಲ.

ತೋಟದಿಂದಲೂ ಮೇವು ಸಿಗುತ್ತದೆ. ಮರಗಸಿ ಮಾಡುವಾಗ ಇಳಿಯುವ ಹಾಲುವಾಣ, ಹಲಸು, ಅತ್ತಿ, ಬಸರಿ ಸೊಪ್ಪನ್ನು ದಿನಕ್ಕೆ ಐದಾರು ಕಿ.ಗ್ರಾಂ ಕೊಟ್ಟರೆ ಹುಲ್ಲಿನಲ್ಲಿಲ್ಲದ ಸಸಾರಜನಕ ದೊರೆಯುತ್ತದೆ. ಹೀಗಾಗಿ ಒಂದೇ ದಿನ ಎಲ್ಲ ಮರ ಕಸಿ ಮಾಡಿಸದೆ, ವಾರ ವಾರ ಸ್ವಲ್ಪ ಸ್ವಲ್ಪ ಮಾಡಿಸುವುದು ಲೇಸು. ಸಿಲ್ವರ್ ಓಕ್ ಮಾತ್ರ ಮೇವಿಗೆ ಬಾರದು. ಏಪ್ರಿಲ್-ಮೇ ತಿಂಗಳಿನಲ್ಲಿ ಕಾಂಡಕೊರಕಕ್ಕೆ ಔಷಧಿ ಹೊಡೆದ ಅಥವಾ ಕಳೆನಾಶಕ ಬಳಸಿದ ತೋಟದ ಹುಲ್ಲನ್ನು ದನಕ್ಕೆ ಕೊಯ್ಯಲೇಬಾರದು. ಹುಲ್ಲು ಕೊಯ್ಯುವವರಿಗೂ ಔಷಧಿ ಹೊಡೆಯುವವರಿಗೂ ಪರಸ್ಪರ ಮಾತಿಲ್ಲದ ದೊಡ್ಡ ತೋಟಗಳಲ್ಲಿ ಈ ಅಪಾಯ ಹೆಚ್ಚು.

ಇನ್ನು ಒಣಹುಲ್ಲು. ಒಂದು ಎಕರೆ ಗದ್ದೆಯ ಹುಲ್ಲು ಎರಡು ಹಸುಗಳ ಬೇಸಿಗೆಗೆ ಆಗುತ್ತದೆ. ಕೊಯ್ಲು ಯಂತ್ರ ಬಂದ ಮೇಲೆ ಹುಲ್ಲು ಗದ್ದೆಯಲ್ಲೇ ಚೆಲ್ಲಾಡಿ ಇಬ್ಬನಿಗೆ ಕರಗುತ್ತಿದೆ. ಕೊಯ್ದ ಎರಡು ಮೂರು ದಿನದೊಳಗೆ ಒಟ್ಟು ಮಾಡಿ, ಚೆನ್ನಾಗಿ ಒಣಗಿಸಿ ಬಣವೆ ಹಾಕಬೇಕು. 4 ಕಿ.ಗ್ರಾಂ ಯೂರಿಯಾವನ್ನು 50-60 ಲೀಟರ್ ನೀರಿನಲ್ಲಿ ಕರಗಿಸಿ 100 ಕಿ.ಗ್ರಾಂ ಹುಲ್ಲಿಗೆ ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 21 ದಿನ ಬಿಟ್ಟರೆ ಹುಲ್ಲು ಮೃದುವಾಗಿ ಸಸಾರಜನಕ ಸುಮಾರು ಇಮ್ಮಡಿಯಾಗುತ್ತದೆ. ತಿನ್ನಿಸುವ ಮೊದಲು ಒಂದು ಗಂಟೆ ಗಾಳಿಗೆ ಹರಡಬೇಕು. ಆರು ತಿಂಗಳ ಒಳಗಿನ ಕರುಗಳಿಗೆ ಇದು ಸಲ್ಲದು. ಯೂರಿಯಾ ನೀರಿನ ಬಕೆಟ್ಟನ್ನು ದನಕ್ಕೆ ಸಿಗುವಂತೆ ಇಡಬಾರದು. ಅದನ್ನು ಕುಡಿದ ದನ ಉಳಿಯುವುದು ಅಪರೂಪ.

ಕೊಯ್ಲಾದ ಗದ್ದೆಯ ಕೂಳೆ ಮೇಯಿಸುವ ಪದ್ಧತಿಯೂ ಒಳ್ಳೆಯದೇ. ಆದರೆ ಗದ್ದೆ ಒಣಗುತ್ತಾ ಬಂದಂತೆ ಹಸಿರು ಉಳಿಯುವುದು ತೋಡಿನ ಬದಿಯ ಜೌಗಿನಲ್ಲಿ. ಬಸವನಹುಳುಗಳಿರುವುದೂ, ಯಕೃತ್ತಿನ ಚಪ್ಪಟೆ ಹುಳುವಿನ ಮರಿಗಳು ಹುಲ್ಲಿಗೆ ಅಂಟಿಕೊಂಡಿರುವುದೂ ಅಲ್ಲಿಯೇ. ಅಂತಹ ಜಾಗಕ್ಕೆ ದನ ಇಳಿಯದಂತೆ ನೋಡಿ, ಸಗಣಿ ಪರೀಕ್ಷೆ ಮಾಡಿಸಿ ಪಶುವೈದ್ಯರು ಹೇಳಿದ ಔಷಧಿ ಕುಡಿಸಬೇಕು. ನಾಗರಹೊಳೆ ಕಾಡಂಚಿನ ದಕ್ಷಿಣ ಕೊಡಗಿನ ಊರುಗಳಲ್ಲಿ ಮೇಯಲು ಬಿಟ್ಟ ದನ ಹುಲಿಯ ಪಾಲಾಗುವುದು ಮತ್ತೆ ಮತ್ತೆ ನಡೆದಿದೆ. ರಾಷ್ಟ್ರೀಯ ಉದ್ಯಾನದೊಳಗೆ ಮೇಯಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ನಿಷೇಧಿಸಿದೆ. ಅಲ್ಲಿಯ ಸಣ್ಣ ರೈತನಿಗೆ ಆರು ಗುಂಟೆ ನೇಪಿಯರ್ ಎಂದರೆ ಹಸುವಿನ ಜೀವವೂ ಹೌದು, ದನದ ಹಿಂದೆ ಹೋಗುವ ಮನುಷ್ಯನ ಜೀವವೂ ಹೌದು.

ಕೊನೆಯದಾಗಿ ಮೊದಲ ಮಳೆಯ ವಿಷಯ. ಜೂನ್ ಮಳೆಗೆ ಬಾಣೆ ಹಸಿರಾಗುತ್ತಲೇ ದನ ಬಿಡುವ ಆತುರ ಸಹಜ. ಆ ಎಳೆಹುಲ್ಲು ಬಹುಪಾಲು ನೀರು. ಹಸಿದ ದನ ಅದನ್ನೇ ತಿಂದರೆ ಭೇದಿಯಾಗುತ್ತದೆ, ಹೊಟ್ಟೆ ಉಬ್ಬರಿಸುವುದೂ ಉಂಟು. ಹುಲ್ಲು ಆರು ಅಂಗುಲ ಏರುವವರೆಗೆ, ಸುಮಾರು ಮೂರು ವಾರ, ಬಾಣೆಗೆ ಬೇಲಿ ಮುಚ್ಚಿರಬೇಕು. ಬಳಿಕವೂ ಮೊದಲ ವಾರ ಬೆಳಿಗ್ಗೆ ಎರಡು ಕಿ.ಗ್ರಾಂ ಒಣಹುಲ್ಲು ತಿನ್ನಿಸಿಯೇ ಹೊರಗೆ ಬಿಡಬೇಕು. ಈ ಮೂರು ವಾರಕ್ಕೆ ಬೇಕಾಗುವ ಒಣಹುಲ್ಲನ್ನು, ಹಸುವೊಂದಕ್ಕೆ ಒಂದು ಕ್ವಿಂಟಾಲಿನಂತೆ, ಜನವರಿಯಲ್ಲಿ ಬಣವೆ ಹಾಕುವಾಗಲೇ ಬೇರೆ ತೆಗೆದಿರಿಸಬೇಕು.