ಮುಪ್ಪಿನ ಹೊಣೆ ಮಕ್ಕಳದ್ದು ಮಾತ್ರವೇ?

(ಗೌನಿಪಲ್ಲಿಯಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿವೃತ್ತಿ ಎಂಬ ಪದವನ್ನು ಕೇಳಿದೊಡನೆ ಅದು ಸರಕಾರಿ ನೌಕರರಿಗಷ್ಟೇ ಸಂಬಂಧಿಸಿದ ವಿಚಾರವೆಂದು ನಾವು ಭಾವಿಸುತ್ತೇವೆ. ಶಿಕ್ಷಕರು ಅರುವತ್ತಕ್ಕೆ ನಿವೃತ್ತರಾಗುತ್ತಾರೆ, ಹಾರ ಶಾಲುಗಳೊಂದಿಗೆ ಮನೆಗೆ ಮರಳುತ್ತಾರೆ. ಆದರೆ ಲಾರಿ ಓಡಿಸುವವನಿಗೆ, ಟೊಮೆಟೊ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವನಿಗೆ, ರೇಷ್ಮೆ ನೂಲು ತೆಗೆಯುವವನಿಗೆ, ಹೊಲಿಗೆ ಯಂತ್ರದ ಮುಂದೆ ಕುಳಿತ ಸಹೋದರಿಗೆ ನಿವೃತ್ತಿಯ ದಿನವನ್ನು ನಿಗದಿಪಡಿಸುವವರು ಯಾರು? ಮೊಣಕಾಲು ನೋವು, ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ. ಅಂದು ಹಾರವೂ ಇಲ್ಲ, ಪಿಂಚಣಿಯೂ ಇಲ್ಲ.

2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿ ನಮ್ಮ ಸಮುದಾಯದ ದುಡಿಮೆಯ ಸ್ವರೂಪವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿತು. ದುಡಿಯುವ ಮುಸ್ಲಿಮರಲ್ಲಿ ಸುಮಾರು 61 ಶೇಕಡಾ ಮಂದಿ ಸ್ವಯಂ ಉದ್ಯೋಗಿಗಳು. ಹಿಂದೂಗಳಲ್ಲಿ ಈ ಪ್ರಮಾಣ ಸುಮಾರು 55. ಸಣ್ಣ ಅಂಗಡಿ, ಗ್ಯಾರೇಜು, ತಳ್ಳುಗಾಡಿ, ದಲ್ಲಾಳಿ ವೃತ್ತಿಗಳೇ ನಮ್ಮ ಆಧಾರ. ಮಾಲಿಕನೂ ನಾವೇ, ಕೂಲಿಯಾಳೂ ನಾವೇ ಆಗಿರುವಾಗ ನಮ್ಮ ಹೆಸರಿನಲ್ಲಿ ಭವಿಷ್ಯನಿಧಿ ಕಟ್ಟುವವರಾರು?

ಕಾಯಂ ಉದ್ಯೋಗವೂ ಕೊನೆಯ ತನಕ ಕೈಹಿಡಿಯುತ್ತದೆಂಬ ಖಾತ್ರಿಯಿಲ್ಲ. ನಮ್ಮದೇ ಜಿಲ್ಲೆಯ ಕೆಜಿಎಫ್‌ನತ್ತ ನೋಡಿರಿ. ನೂರಕ್ಕೂ ಹೆಚ್ಚು ವರ್ಷ ಚಿನ್ನ ಕೊಟ್ಟ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಮಕ್ಕಳ ಓದು ಮುಗಿಯದ, ಹೆಣ್ಣುಮಕ್ಕಳ ಮದುವೆಯಾಗದ ಪ್ರಾಯದಲ್ಲೇ ಕಾರ್ಮಿಕರು ನಿರುದ್ಯೋಗಿಗಳಾದರು. ದುಡಿಮೆ ನಮ್ಮ ಲೆಕ್ಕಾಚಾರಕ್ಕಿಂತ ಮೊದಲೇ ನಿಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ನಮಗೆ ಬೇಕಿಲ್ಲ.

ಇಂತಹ ಮಾತು ಬಂದಾಗ ನಮ್ಮಲ್ಲಿ ಕೆಲವರು, "ನಾಳೆಯ ಚಿಂತೆ ಯಾಕೆ, ಅನ್ನ ಕೊಡುವವನು ಅಲ್ಲಾಹನು" ಎನ್ನುತ್ತಾರೆ. ಈ ಮಾತು ಸತ್ಯ. ಆದರೆ ಅದನ್ನು ಬಳಸುವ ರೀತಿ ಸರಿಯಲ್ಲ. ಒಂಟೆಯನ್ನು ಕಟ್ಟಿಹಾಕಿದ ಬಳಿಕವೇ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿಯವರು(ಸ) ಕಲಿಸಿದರು. ಮುಪ್ಪಿಗೆ ಮೊದಲು ಯೌವನವನ್ನು, ರೋಗಕ್ಕೆ ಮೊದಲು ಆರೋಗ್ಯವನ್ನು, ಬಡತನಕ್ಕೆ ಮೊದಲು ಸಂಪತ್ತನ್ನು ಸದುಪಯೋಗಪಡಿಸಿಕೊಳ್ಳಬೇಕೆಂದು ಉಪದೇಶಿಸಿದರು. ಪ್ರವಾದಿ ಯೂಸುಫರು(ಅ) ಸಮೃದ್ಧಿಯ ಏಳು ವರ್ಷಗಳಲ್ಲಿ ಧಾನ್ಯವನ್ನು ತೆನೆಯಲ್ಲೇ ಕಾಪಿಡುವಂತೆ ಹೇಳಿ ಬರಗಾಲದ ಏಳು ವರ್ಷಗಳಿಂದ ಒಂದು ನಾಡನ್ನೇ ರಕ್ಷಿಸಿದ ವೃತ್ತಾಂತವನ್ನು ಪವಿತ್ರ ಕುರ್‌ಆನ್ ವಿವರಿಸುತ್ತದೆ. ಯೋಜನೆಯು ತವಕ್ಕುಲ್‌ಗೆ ವಿರುದ್ಧವಾಗಿದ್ದರೆ ಒಬ್ಬ ಪ್ರವಾದಿ ಅದನ್ನು ಮಾಡುತ್ತಿದ್ದರೇ?

ಶ್ರೀನಿವಾಸಪುರದ ಮಾವು ಬೆಳೆಗಾರರಿಗೆ ಈ ವೃತ್ತಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಸಲಿನ ಕಾಲ ಎರಡು ಮೂರು ತಿಂಗಳಷ್ಟೇ. ಖರ್ಚು ಹನ್ನೆರಡು ತಿಂಗಳದ್ದು. ಒಂದು ವರ್ಷ ಮರ ತುಂಬಿ ಕಾಯಿ ಬಿಟ್ಟರೆ ಮರುವರ್ಷ ಇಳುವರಿ ಕುಸಿಯುತ್ತದೆ. ತೋಟದ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು ಆಯುಷ್ಯದ ವಿಷಯದಲ್ಲಿ ಯಾಕೆ ಮೈಮರೆಯುತ್ತೇವೆ? ಇಪ್ಪತ್ತೈದರಿಂದ ಐವತ್ತೈದರ ತನಕದ ಮೂವತ್ತು ವರ್ಷಗಳೇ ನಮ್ಮ ಮಾವಿನ ಕಾಲ.

ಆ ಮೂವತ್ತು ವರ್ಷಗಳ ಗಳಿಕೆ ಎಲ್ಲಿಗೆ ಹೋಗುತ್ತದೆ? ಮದುವೆ ಮಂಟಪಕ್ಕೆ, ನಾಲ್ಕು ಬಗೆಯ ಖಾದ್ಯಗಳಿಗೆ, ವರನ ಕಡೆಯವರ ಬೇಡಿಕೆಗೆ. ಮೂವರು ಹೆಣ್ಣುಮಕ್ಕಳ ಮದುವೆ ಮುಗಿಸಿದ ತಂದೆ ಐವತ್ತೈದರಲ್ಲಿ ಸಾಲದ ಚೀಟಿ ಹಿಡಿದು ನಿಂತಿರುತ್ತಾನೆ. ವರದಕ್ಷಿಣೆಯನ್ನು ಹೆಣ್ಣಿನ ಮೇಲಿನ ಅನ್ಯಾಯವೆಂದು ನಾವು ವಿರೋಧಿಸುತ್ತಾ ಬಂದಿದ್ದೇವೆ. ಅದು ಅವಳ ತಂದೆ ತಾಯಿಯ ಮುಪ್ಪಿನ ಅನ್ನವನ್ನು ಕಸಿಯುವ ಅನ್ಯಾಯವೂ ಹೌದು.

ಉಳಿಸಿದವರ ಹಣಕ್ಕೆ ಒದಗಿದ ಗತಿ ಇನ್ನೂ ನೋವಿನದ್ದು. 2019ರ ಜೂನ್‌ನಲ್ಲಿ ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ ಸಂಸ್ಥೆ ಕುಸಿಯಿತು. ಅದರ ಸ್ಥಾಪಕ ಮನ್ಸೂರ್ ಖಾನ್ ದೇಶ ತೊರೆದು ಜುಲೈಯಲ್ಲಿ ದಿಲ್ಲಿಗೆ ಮರಳಿದಾಗ ಬಂಧಿಸಲ್ಪಟ್ಟರು. ಹಣ ಹೂಡಿದ್ದ ಹತ್ತಾರು ಸಾವಿರ ಮಂದಿಯಲ್ಲಿ ಹೆಚ್ಚಿನವರು ಮುಸ್ಲಿಮರು. ನಿವೃತ್ತರು ಒಟ್ಟಿಗೆ ಬಂದ ಹಣವನ್ನು, ವಿಧವೆಯರು ಒಡವೆ ಮಾರಿದ ಹಣವನ್ನು ಅಲ್ಲಿ ಇಟ್ಟಿದ್ದರು. ಬ್ಯಾಂಕಿನ ಬಡ್ಡಿ ಬೇಡವೆಂಬ ಅವರ ನಿಷ್ಠೆಯನ್ನೇ ಬಂಡವಾಳ ಮಾಡಿಕೊಳ್ಳಲಾಯಿತು. ಇಲ್ಲಿ ನಾವು ಒಂದು ಸೂತ್ರವನ್ನು ನೆನಪಿಡಬೇಕು. ಇಸ್ಲಾಮಿನ ಪಾಲುದಾರಿಕೆಯಲ್ಲಿ ಲಾಭದೊಂದಿಗೆ ನಷ್ಟವೂ ಹಂಚಿಕೆಯಾಗುತ್ತದೆ. ನಷ್ಟದ ಮಾತೇ ಇಲ್ಲದೆ ತಿಂಗಳು ತಿಂಗಳು ಎರಡೂವರೆ, ಮೂರು ಶೇಕಡಾ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಅದಕ್ಕೆ ಹಲಾಲ್ ಎಂಬ ಹೆಸರಿದ್ದರೂ ಅದು ವ್ಯಾಪಾರವಲ್ಲ. ಹಣ ಕೊಡುವ ಮುನ್ನ ಆ ಸಂಸ್ಥೆ ಸೆಬಿಯಲ್ಲಾಗಲಿ ರಿಸರ್ವ್ ಬ್ಯಾಂಕಿನಲ್ಲಾಗಲಿ ನೋಂದಣಿಯಾಗಿದೆಯೇ ಎಂದು ಕೇಳುವುದು ಈಮಾನಿನ ಕೊರತೆಯಲ್ಲ.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದು, ಸಣ್ಣ ಮೊತ್ತದಿಂದ ಬೇಗನೆ ಆರಂಭಿಸುವುದು. ದಿನಕ್ಕೆ 50 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 18,250. ಯಾವ ಲಾಭವೂ ಸೇರದೆ ಇಪ್ಪತ್ತು ವರ್ಷಕ್ಕೆ 3,65,000. ಆದರೆ ಬೆಲೆಯೇರಿಕೆ ನಗದನ್ನು ಕರಗಿಸುತ್ತದೆ. ಆದುದರಿಂದ ಅದನ್ನು ಒಂದು ತುಂಡು ಭೂಮಿ, ಬಾಡಿಗೆ ಬರುವ ಕೋಣೆ, ಸ್ವಲ್ಪ ಚಿನ್ನ, ನಂಬಿಗಸ್ತರೊಂದಿಗೆ ಲಿಖಿತ ಪಾಲುದಾರಿಕೆ ಹೀಗೆ ಹಂಚಿಡಬೇಕು. ಎಲ್ಲವನ್ನೂ ಒಂದೇ ಕಡೆ ಇಡಬಾರದು. ಶರೀಅತ್ ಮಾನದಂಡದ ಮ್ಯೂಚುವಲ್ ಫಂಡ್‌ಗಳೂ ದೇಶದಲ್ಲಿವೆ. ಅವುಗಳಲ್ಲಿ ಏರಿಳಿತವಿದೆಯೆಂಬುದನ್ನು ಅರಿತೇ ಮುಂದುವರಿಯಬೇಕು. ಅಸಂಘಟಿತ ಕಾರ್ಮಿಕರಿಗಾಗಿ 2019ರಲ್ಲಿ ಆರಂಭವಾದ ಶ್ರಮಯೋಗಿ ಮಾನಧನ್ ಯೋಜನೆಗೆ 18ರಿಂದ 40ರ ಪ್ರಾಯದೊಳಗೆ ಸೇರಬಹುದು. 29ನೇ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 100 ರೂಪಾಯಿ. ಅಷ್ಟೇ ಮೊತ್ತವನ್ನು ಸರಕಾರ ಕಟ್ಟುತ್ತದೆ. 60ರ ಬಳಿಕ ತಿಂಗಳಿಗೆ 3,000 ಪಿಂಚಣಿ. ಪಿಂಚಣಿ ನಿಧಿಗಳ ಹೂಡಿಕೆಯಲ್ಲಿ ಬಡ್ಡಿಯ ಅಂಶದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಈ ವ್ಯವಹಾರವನ್ನು ಬಲ್ಲ ವಿದ್ವಾಂಸರನ್ನು ವಿಚಾರಿಸಿ ತೀರ್ಮಾನಿಸಿರಿ.

ಎರಡನೆಯದು, ಜೀವಂತವಿರುವಾಗಲೇ ಕೈ ಖಾಲಿ ಮಾಡಿಕೊಳ್ಳದಿರುವುದು. ಪ್ರೀತಿಯಿಂದ ಮನೆಯನ್ನು ಮಗನ ಹೆಸರಿಗೆ ಹಿಬಾ ಮಾಡಿ, ಬಳಿಕ ಅದೇ ಮನೆಯ ಜಗಲಿಯಲ್ಲಿ ಅತಿಥಿಯಂತೆ ಬದುಕುವ ಹಿರಿಯರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಹೆತ್ತವರ ಪಾಲನೆಗೆ ಸಂಬಂಧಿಸಿದ 2007ರ ಕಾನೂನಿನ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ನ್ಯಾಯಮಂಡಳಿ ರದ್ದುಪಡಿಸಬಹುದು. ಷರತ್ತನ್ನು ಬರಹದಲ್ಲಿ ಸೇರಿಸಿರಿ. ಪತ್ನಿಯ ಮಹ್ರ್ ಬಾಕಿಯಿದ್ದರೆ ಇಂದೇ ಸಲ್ಲಿಸಿರಿ, ಅದು ಸಾಲ. ಮಕ್ಕಳಿರುವಾಗ ವಿಧವೆಗೆ ವಾರೀಸಿನಲ್ಲಿ ಸಿಗುವುದು ಎಂಟನೇ ಒಂದು ಪಾಲು. ಅದನ್ನೂ ಕೊಡದ ಮನೆಗಳಿವೆ. ಪತಿಗಿಂತ ಕಿರಿಯಳಾದ ಪತ್ನಿ ಅನೇಕ ವೇಳೆ ಹತ್ತು ಹದಿನೈದು ವರ್ಷ ಒಂಟಿಯಾಗಿ ಬದುಕಬೇಕಾಗುತ್ತದೆ. ಅವಳ ಹೆಸರಿನಲ್ಲಿ ಏನಿದೆ ಎಂದು ಪ್ರತಿಯೊಬ್ಬ ಪತಿಯೂ ತನ್ನನ್ನು ತಾನು ಕೇಳಿಕೊಳ್ಳಲಿ.

ಮೂರನೆಯದು ಆರೋಗ್ಯ. ಉಳಿಸಿದ ಹಣವನ್ನು ಒಂದೇ ವಾರದಲ್ಲಿ ನುಂಗುವ ಶಕ್ತಿ ಆಸ್ಪತ್ರೆಗಿದೆ. ಕೋಲಾರ ಜಿಲ್ಲೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಅದು ಹಲ್ಲನ್ನು ಕಲೆಗೊಳಿಸುತ್ತದೆ, ವರ್ಷಗಳು ಕಳೆದಂತೆ ಮೂಳೆ ಕೀಲುಗಳನ್ನು ಬಿಗಿಗೊಳಿಸುತ್ತದೆ. ಇದನ್ನು ಮುಪ್ಪಿನ ಸಹಜ ನೋವೆಂದು ಭಾವಿಸಿ ಸುಮ್ಮನಿರುತ್ತೇವೆ. ಕುಡಿಯಲೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿರಿ. ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷದ ತನಕ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡನ್ನು ರೋಗ ಬರುವ ಮೊದಲೇ ಮಾಡಿಸಿಟ್ಟುಕೊಳ್ಳಿರಿ. ಬೀಡಿ, ಗುಟ್ಕಾಗಳಿಗೆ ಹೋಗುವ ಹಣವನ್ನು ಉಳಿಸಿದರೆ ದಿನದ 50 ರೂಪಾಯಿಯಲ್ಲಿ ಅರ್ಧ ಅಲ್ಲೇ ಸಿಗುತ್ತದೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಮಕ್ಕಳು ಹೊಣೆಯಿಂದ ಮುಕ್ತರಾದರೆಂದು ಯಾರೂ ತಿಳಿಯಬಾರದು. ವೃದ್ಧರಾದ ಹೆತ್ತವರ ಮುಂದೆ 'ಛೆ' ಎಂದೂ ಉದ್ಗರಿಸಬಾರದೆಂದು ಕುರ್‌ಆನ್ ಆದೇಶಿಸುತ್ತದೆ. ಹೆತ್ತವರ ಕೈಯಲ್ಲಿ ಹಣವಿದ್ದರೂ ಮಗ ಅವರ ಪಕ್ಕದಲ್ಲಿ ಕುಳಿತು ಮಾತನಾಡಬೇಕು, ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಸೇವೆಯನ್ನೆಲ್ಲ ಸೊಸೆಯ ಮೇಲೆ ಹೊರಿಸಿ ತಾನು ಪುಣ್ಯ ಗಳಿಸಿದೆನೆಂದು ಮಗ ಭಾವಿಸುವುದು ನ್ಯಾಯವಲ್ಲ.

ಜಮಾಅತ್‌ಗೂ ಹೊಣೆಯಿದೆ. ರಮಝಾನ್‌ನಲ್ಲಿ ದಿನಸಿ ಕಿಟ್ ಹಂಚಿ ಹನ್ನೊಂದು ತಿಂಗಳು ಮರೆಯುವ ಬದಲು, ಪ್ರತಿ ಮಸೀದಿಯೂ ತನ್ನ ವ್ಯಾಪ್ತಿಯ ವೃದ್ಧರ ಪಟ್ಟಿ ಮಾಡಲಿ. ಯಾರಿಗೆ ಪಿಂಚಣಿ ಬರುತ್ತಿಲ್ಲ, ಯಾರ ದಾಖಲೆಯಲ್ಲಿ ಪ್ರಾಯ ತಪ್ಪಾಗಿದೆ ಎಂಬುದನ್ನು ಓದಿದ ಯುವಕರು ನೋಡಿಕೊಂಡು ನಾಡಕಚೇರಿಗೆ ಅರ್ಜಿ ಕೊಡಿಸಲಿ. ಝಕಾತನ್ನು ಸಾಮೂಹಿಕವಾಗಿ ಸಂಗ್ರಹಿಸಿದರೆ ಅರ್ಹ ವೃದ್ಧರಿಗೆ ತಿಂಗಳ ವೇತನ ಕೊಡುವುದು ಅಸಾಧ್ಯವೇನಲ್ಲ.

ಸರಕಾರವನ್ನೂ ನಾವು ಪ್ರಶ್ನಿಸಬೇಕು. ಬೀದಿಯಲ್ಲಿ ಬೇಡುತ್ತಿದ್ದ ಯಹೂದಿ ವೃದ್ಧನನ್ನು ಕಂಡ ಖಲೀಫಾ ಉಮರ್(ರ) ಅವನ ಕೈಹಿಡಿದು ಕರೆತಂದು, ಯೌವನದಲ್ಲಿ ಅವನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಹೇಳಿ ಬೈತುಲ್‌ಮಾಲ್‌ನಿಂದ ನೆರವು ಗೊತ್ತುಪಡಿಸಿದರೆಂದು ಇತಿಹಾಸ ದಾಖಲಿಸಿದೆ. ಅಲ್ಲಿ ಧರ್ಮದ ಪ್ರಶ್ನೆ ಬರಲಿಲ್ಲ. ಇಂದು ವೃದ್ಧಾಪ್ಯ ವೇತನದಲ್ಲಿ 60ರಿಂದ 79ರ ಪ್ರಾಯದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಒಂದೂವರೆ ದಶಕ ಮೀರಿದರೂ ಅದು ಏರಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ವೇತನವನ್ನು 2021ರಲ್ಲಿ 1,200ಕ್ಕೆ ಏರಿಸಲಾಯಿತು. ಆ ಮೊತ್ತದಲ್ಲಿ ಔಷಧಿ ಕೊಂಡರೆ ಊಟವಿಲ್ಲ, ಊಟ ಮಾಡಿದರೆ ಔಷಧಿಯಿಲ್ಲ. ಇದು ಮುಸ್ಲಿಮರ ಬೇಡಿಕೆಯಲ್ಲ, ದುಡಿದು ದಣಿದ ಎಲ್ಲರ ಬೇಡಿಕೆ. ಎಲ್ಲರೊಂದಿಗೆ ಸೇರಿಯೇ ಅದನ್ನು ಕೇಳಬೇಕು.

ಸಹೋದರರೇ, ಕೊಡುವ ಕೈ ಪಡೆಯುವ ಕೈಗಿಂತ ಮೇಲು ಎಂಬ ಶಿಕ್ಷಣ ಯೌವನಕ್ಕಷ್ಟೇ ಸೀಮಿತವಲ್ಲ. ಎಪ್ಪತ್ತರ ಅಜ್ಜ ಈದ್ ದಿನ ಮೊಮ್ಮಗುವಿನ ಕೈಗೆ ತನ್ನದೇ ಹಣದಿಂದ ಈದಿ ಕೊಡುವಂತಾಗಬೇಕು. ಇಂದು ರಾತ್ರಿ ಮನೆಗೆ ಹೋದ ಬಳಿಕ ಪತಿ ಪತ್ನಿ ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ: ನಮಗೆಷ್ಟು ಸಾಲವಿದೆ, ಯಾರ ಹೆಸರಿನಲ್ಲಿ ಏನಿದೆ, ದುಡಿಮೆ ನಿಂತರೆ ಎಷ್ಟು ತಿಂಗಳು ಬದುಕಬಲ್ಲೆವು. ಆ ಹಾಳೆಯೇ ಆರಂಭ. ಪರಾವಲಂಬನೆಯ ಮುಪ್ಪಿನಿಂದ ಅಲ್ಲಾಹನು ನಮ್ಮನ್ನು ಕಾಪಾಡಲಿ, ಅದಕ್ಕೆ ಬೇಕಾದ ಪ್ರಯತ್ನವನ್ನು ಮಾಡುವ ವಿವೇಕವನ್ನೂ ಕರುಣಿಸಲಿ. ಆಮೀನ್.