ಪರದೆ ಮತ್ತು ಸ್ಪರ್ಶ: ವೈದ್ಯಶಿಕ್ಷಣದ ಇಂದಿನ ಪ್ರಶ್ನೆ



ಹೃದಯದ ಕವಾಟಗಳು ಕೆಲಸ ಮಾಡುವ ಬಗೆಯನ್ನು ವಿಡಿಯೋ ಪಾಠವೊಂದು ಕರಿಹಲಗೆಗಿಂತ ಚೆನ್ನಾಗಿ ತೋರಿಸಬಲ್ಲದು. ಊದಿಕೊಂಡ ಯಕೃತ್ತಿನ ಅಂಚು ಬೆರಳಿಗೆ ಹೇಗೆ ತಾಗುತ್ತದೆಂಬುದನ್ನು ಮಾತ್ರ ಅದು ಕಲಿಸಲಾರದು. 2020ರಲ್ಲಿ ಕೋವಿಡ್ ಕಾಲೇಜುಗಳ ಬಾಗಿಲು ಮುಚ್ಚಿಸಿದಾಗ ಭಾರತದ ವೈದ್ಯವಿದ್ಯಾರ್ಥಿಗಳಿಗೆ ಪಾಠ ದೊರೆಯಿತು, ರೋಗಿ ದೊರೆಯಲಿಲ್ಲ. ಆದ್ದರಿಂದ ಯಾವುದನ್ನು ಪರದೆಯ ಮೇಲೆ ಕಲಿಸಬೇಕು, ಯಾವುದನ್ನು ಹಾಸಿಗೆಯ ಬಳಿ ಕಲಿಸಬೇಕು, ಇದರ ಫಲ ಯಾರಿಗೆ ಸಲ್ಲಬೇಕು ಎಂಬುದನ್ನು ಕೇಳಲೇಬೇಕಾಗಿದೆ.

ಇದಕ್ಕೊಂದು ಉತ್ತರ ಅಮೆರಿಕದ ನ್ಯೂ ಮೆಕ್ಸಿಕೋದಿಂದ ಬಂದಿತು. ಅಲ್ಲಿನ ದೂರದೂರುಗಳ ಹೆಪಟೈಟಿಸ್ ಸಿ ರೋಗಿಗಳು ಚಿಕಿತ್ಸೆಗೆ ಆಲ್ಬುಕರ್ಕಿ ನಗರಕ್ಕೇ ಬರಬೇಕಿತ್ತು. 2003ರಲ್ಲಿ ಯಕೃತ್ ತಜ್ಞ ಸಂಜೀವ್ ಅರೋರಾ ‘ಪ್ರಾಜೆಕ್ಟ್ ಎಕೋ’ ಆರಂಭಿಸಿ, ಗ್ರಾಮೀಣ ಚಿಕಿತ್ಸಾಲಯಗಳ ಮತ್ತು ಸೆರೆಮನೆಗಳ ವೈದ್ಯರನ್ನು ವಿಡಿಯೋ ಮೂಲಕ ಒಟ್ಟುಗೂಡಿಸಿದರು. ಅವರು ತಮ್ಮದೇ ರೋಗಿಗಳ ವಿವರ ಮಂಡಿಸಿದರು. ತಜ್ಞರು ಮಾರ್ಗದರ್ಶನ ನೀಡಿದರು. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಧ್ಯಯನದಲ್ಲಿ ವೈರಾಣುಮುಕ್ತರಾದವರ ಪ್ರಮಾಣ ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಶೇ. 57.5, ಎಕೋ ಕೇಂದ್ರಗಳಲ್ಲಿ ಶೇ. 58.2. ಹಳ್ಳಿಯ ವೈದ್ಯರು ತಜ್ಞರಿಗೆ ಸಮನಾಗಿ ನಿಂತರು.

ಬೆಂಗಳೂರಿನ ನಿಮ್ಹಾನ್ಸ್ ಈ ಮಾದರಿಯನ್ನು ಮಾನಸಿಕ ಆರೋಗ್ಯಕ್ಕೆ ಅಳವಡಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ರೂಪಿಸಿದ ತರಬೇತಿಯೊಂದರಲ್ಲಿ ಮನೋವೈದ್ಯರು ವಿಡಿಯೋ ಮೂಲಕವೇ ಆ ವೈದ್ಯರ ಹೊರರೋಗಿ ವಿಭಾಗದಲ್ಲಿ ಜೊತೆಗೂಡುತ್ತಾರೆ. ರೋಗಿ ಎದುರಿಗೇ ಇರುತ್ತಾರೆ. ಇಲ್ಲಿ ಪರದೆಯು ಮುಖಾಮುಖಿಯನ್ನು ಕಿತ್ತುಕೊಳ್ಳದೆ ಅದಕ್ಕೆ ಆಸರೆಯಾಗುತ್ತದೆ.

ಇದೇ ತಂತ್ರಜ್ಞಾನಕ್ಕೆ ಇನ್ನೊಂದು ಮುಖವೂ ಉಂಟು. ಬೋಧಕರ ಹುದ್ದೆಗಳನ್ನು ಖಾಲಿ ಬಿಟ್ಟು, ಮುದ್ರಿತ ಪಾಠಗಳನ್ನು ಹಂಚಿ, ಪೂರ್ಣ ಶುಲ್ಕ ವಸೂಲು ಮಾಡುವುದಕ್ಕೂ ಅದು ನೆಪವಾಗಬಲ್ಲದು. ಆಗ ಅದರ ಬೆಲೆ ತೆರುವವರು ವಿದ್ಯಾರ್ಥಿಗಳಷ್ಟೇ ಅಲ್ಲ. ಮುಂದೆ ಅವರ ಕೈಗೆ ಮೈಯೊಪ್ಪಿಸುವ ಬಡ ರೋಗಿಗಳು. ಕಲಿಕೆಯ ಗಂಟೆಗಳು ಆರೋಗ್ಯ ಕೇಂದ್ರದ ವೈದ್ಯರ ಕರ್ತವ್ಯದ ಅವಧಿಯೊಳಗೇ ಸೇರದಿದ್ದರೆ, ಸದುದ್ದೇಶದ ಯೋಜನೆಯೂ ಹೊರೆಯಾಗುತ್ತದೆ.

ಸರ್ಕಾರಿ ಕಾಲೇಜುಗಳಲ್ಲಿ ಜನರ ತೆರಿಗೆಯಿಂದ ಓದಿ ಸಮುದ್ರ ದಾಟಿದ ವೈದ್ಯರಿಗೂ ಇಲ್ಲೊಂದು ಪಾಲಿದೆ. ವಾರಕ್ಕೊಂದು ಗಂಟೆ ತಾಲ್ಲೂಕು ಆಸ್ಪತ್ರೆಯ ವೈದ್ಯರೊಡನೆ ಪ್ರಕರಣವೊಂದನ್ನು ಚರ್ಚಿಸುವುದು ಅವರಿಗೆ ಕಷ್ಟವಲ್ಲ. ಅದರಿಂದ ಋಣ ಪೂರ್ತಿ ತೀರದು. ಹಾಸಿಗೆಯ ಬಳಿ ನಿಂತು ಕಲಿಸುವ ಗುರುವನ್ನು ನೇಮಿಸುವ ಹೊಣೆ ಸರ್ಕಾರದ್ದೇ. ಅದನ್ನು ಕೇಳುವ ಹೊಣೆ, ಎಲ್ಲಿಯೇ ಇರಲಿ, ಎಲ್ಲ ಕನ್ನಡಿಗರದು.